ಆಯ್ಕೆ ಪಟ್ಟಿ ಬೇರೆ, ಅರ್ಹತೆ ಬೇರೆ

ಬೇಸಿಗೆ ರಜೆ ಹತ್ತಿರವಾದಂತೆ ರಾಜ್ಯದ ಶಾಲೆ, ಕಾಲೇಜುಗಳ ಎನ್‌ಸಿಸಿ ಘಟಕಗಳಲ್ಲಿ ಓಡಾಟ ಹೆಚ್ಚುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ದೆಹಲಿಯಲ್ಲಿ ನಡೆಯುವ ಥಲ್ ಸೈನಿಕ್ ಕ್ಯಾಂಪಿಗೆ ತಂಡ ಕಟ್ಟಬೇಕು. ಜನವರಿಯ ಗಣರಾಜ್ಯೋತ್ಸವ ಶಿಬಿರಕ್ಕೆ ಯಾರನ್ನು ತಯಾರು ಮಾಡಬಹುದೆಂದು ಈಗಿನಿಂದಲೇ ಗಮನಿಸಬೇಕು. ಪರ್ವತಾರೋಹಣ, ಚಾರಣ, ಸೇನಾ ಘಟಕಗಳ ಜೊತೆಗಿನ ತರಬೇತಿಗಳಿಗೆ ಹೆಸರು ಕಳಿಸಬೇಕು. ಬೆಳಗಿನ ಜಾವ ಮೈದಾನಕ್ಕೆ ಬರುವ ಹುಡುಗ ಹುಡುಗಿಯರಲ್ಲಿ, ಅವರನ್ನು ಗೇಟಿನವರೆಗೆ ಬಿಟ್ಟುಹೋಗುವ ಹೆತ್ತವರಲ್ಲಿ, ಎಷ್ಟೋ ವೇಳೆ ಅವರ ಮೇಷ್ಟ್ರುಗಳಲ್ಲೂ ಈ ಹೊತ್ತಿನಲ್ಲಿ ಒಂದು ನಂಬಿಕೆ ಕೆಲಸ ಮಾಡುತ್ತಿರುತ್ತದೆ. ಅದನ್ನು ಬಿಡಿಸಿ ಹೇಳುವುದಾದರೆ ಮೂರು ಮಾತುಗಳಾಗುತ್ತವೆ.

1. ಶಿಬಿರಕ್ಕೆ ಆಯ್ಕೆಯಾದವರು ಅರ್ಹರು, ಆಗದವರು ಅರ್ಹರಲ್ಲ.

2. ತಯಾರಿಯ ಗುರಿ ಆಯ್ಕೆ. ಆದ್ದರಿಂದ ಆಯ್ಕೆಯಾಗದವರ ತಯಾರಿ ನೀರಿನಲ್ಲಿ ಹೋಮ.

3. ಆಯ್ಕೆ ಮಾಡುವವರಿಗೆ ಏನು ಬೇಕೆಂದು ತಿಳಿದುಕೊಂಡು ಅದನ್ನು ತೋರಿಸುವುದೇ ತಯಾರಿ.

ಈ ನಂಬಿಕೆಗೆ ಆಧಾರವೇ ಇಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. ಎನ್‌ಸಿಸಿಯ ಆಯ್ಕೆ ನಾಲ್ಕು ಗೋಡೆಯೊಳಗೆ ನಡೆಯುವಂಥದ್ದಲ್ಲ. ಡ್ರಿಲ್ ನಡೆಯುವುದು ಎಲ್ಲರ ಕಣ್ಣೆದುರಿಗೆ. ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು ಎಂಬ ಲೆಕ್ಕದಲ್ಲಿ ಯಾರ ಕಾಲು ತಪ್ಪಿತು, ಸಾವಧಾನದಲ್ಲಿ ಯಾರ ಮುಷ್ಟಿ ಸಡಿಲವಾಯಿತು ಎಂಬುದನ್ನು ಪಕ್ಕದಲ್ಲಿ ನಿಂತ ಕೆಡೆಟ್ ಕೂಡ ಹೇಳಬಲ್ಲ. ಫೈರಿಂಗಿನ ಗುರಿಹಲಗೆಯಲ್ಲಿ ತೂತುಗಳಿರುತ್ತವೆ, ಅವನ್ನು ಯಾರು ಬೇಕಾದರೂ ಅಳೆಯಬಹುದು. ಆಯ್ಕೆ ಮಾಡುವ ಸೇನೆಯ ಬೋಧಕರು ವರ್ಷಗಟ್ಟಲೆ ಇದನ್ನೇ ನೋಡಿದವರು. ಶ್ರಮಪಟ್ಟವರು ಒಟ್ಟಾರೆ ಮುಂದೆ ಬರುತ್ತಾರೆ, ಸೋಮಾರಿಗಳು ಹಿಂದುಳಿಯುತ್ತಾರೆ ಎಂಬುದೂ ನಿಜ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳು ಗಣರಾಜ್ಯೋತ್ಸವದಂದು ದೆಹಲಿಯ ಕರ್ತವ್ಯ ಪಥದಲ್ಲಿ ನಡೆದು ಬಂದರೆ ಆ ಊರಿಗೆ ಅದು ದೊಡ್ಡ ಸಂಗತಿ. ಆ ಹೆಮ್ಮೆಯನ್ನು ಕಡಿಮೆ ಮಾಡುವ ಹಕ್ಕು ಯಾರಿಗೂ ಇಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೆಯೂ ಮೇಲಿನ ಮೂರು ಮಾತುಗಳು ಒಂದಕ್ಕೊಂದು ತಳುಕು ಹಾಕಿಕೊಂಡ ಗೊಂದಲವೆಂದೇ ನನ್ನ ವಾದ. ಬೇರೆಬೇರೆಯಾದ ಮೂರು ವಿಚಾರಗಳನ್ನು, ಅಂದರೆ ಒಂದು ಮಟ್ಟವನ್ನು ಮುಟ್ಟುವುದು, ಸೀಮಿತ ಜಾಗಗಳನ್ನು ಹಂಚುವುದು ಮತ್ತು ತರಬೇತಿಯಿಂದ ಬದಲಾಗುವುದು ಇವನ್ನು, ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದ ಗೊಂದಲ ಇದು. ಇದರ ಬೆಲೆ ತೆರುತ್ತಿರುವವರು ಹದಿನೈದರಿಂದ ಇಪ್ಪತ್ತರ ಪ್ರಾಯದ ಮಕ್ಕಳು.

ಮೊದಲು ಅಂಕಿ ನೋಡೋಣ. 2025ರ ಗಣರಾಜ್ಯೋತ್ಸವ ಶಿಬಿರದಲ್ಲಿ ಭಾಗವಹಿಸಿದ ಕೆಡೆಟ್‌ಗಳು 2,361, ಅವರಲ್ಲಿ ಹುಡುಗಿಯರು 917. ಆ ಹೊತ್ತಿಗೆ ದೇಶದಲ್ಲಿದ್ದ ಎನ್‌ಸಿಸಿ ಕೆಡೆಟ್‌ಗಳು ಸುಮಾರು 17 ಲಕ್ಷ. ಭಾಗಿಸಿ ನೋಡಿದರೆ ಏಳುನೂರಕ್ಕೂ ಹೆಚ್ಚು ಮಂದಿಗೆ ಒಬ್ಬರು. ಈ 17 ಲಕ್ಷದಲ್ಲಿ ಹೊಸಬರೂ ಆಸಕ್ತಿಯಿಲ್ಲದವರೂ ವಯಸ್ಸಿನ ಕಾರಣಕ್ಕೆ ಹೊರಗುಳಿದವರೂ ಇದ್ದಾರೆ, ಸರಿ. ಅವರನ್ನೆಲ್ಲ ಕಳೆಯೋಣ. ಹತ್ತರಲ್ಲಿ ಒಂಬತ್ತು ಮಂದಿಯನ್ನು ಕಳೆದರೂ ಒಂದು ಜಾಗಕ್ಕೆ ಎಪ್ಪತ್ತು ಮಂದಿ ಉಳಿಯುತ್ತಾರೆ. ಇಂಥ ಸಂದರ್ಭದಲ್ಲಿ ಪಟ್ಟಿ ನಿಲ್ಲುವುದು ಜಾಗ ಮುಗಿದ ಕಡೆಯಲ್ಲಿ, ಯೋಗ್ಯತೆ ಮುಗಿದ ಕಡೆಯಲ್ಲಲ್ಲ. ನಲವತ್ತು ಮಂದಿ ಯೋಗ್ಯರಿದ್ದು ಹತ್ತು ಜಾಗಗಳಿದ್ದರೆ ಹನ್ನೊಂದನೆಯವನ ಬಗ್ಗೆ ಪಟ್ಟಿ ಹೇಳುವುದು ಒಂದೇ ಮಾತು: ಜಾಗ ಸಾಲಲಿಲ್ಲ. ಅವನು ಅಯೋಗ್ಯನೆಂದು ಅದು ಹೇಳಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ನಾವೇ ಅದರ ಬಾಯಿಂದ ಆ ಮಾತನ್ನು ಹೊರಡಿಸುತ್ತೇವೆ.

ಜಾಗಗಳು ಹಂಚಿಕೆಯಾಗುವ ಬಗೆಯನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದೇಶದಲ್ಲಿ ಎನ್‌ಸಿಸಿಯ 17 ಡೈರೆಕ್ಟರೇಟ್‌ಗಳಿವೆ. ನಮ್ಮದು ಕರ್ನಾಟಕ ಮತ್ತು ಗೋವಾ ಎರಡಕ್ಕೂ ಸೇರಿದ್ದು. ಅದರ ಕೆಳಗೆ ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ ಮುಂತಾದ ಗ್ರೂಪ್ ಹೆಡ್‌ಕ್ವಾರ್ಟರ್ಸ್‌ಗಳು, ಅವುಗಳ ಕೆಳಗೆ ಬೆಟಾಲಿಯನ್‌ಗಳು. ಆಯ್ಕೆ ಕೆಳಗಿನಿಂದ ಮೇಲಕ್ಕೆ ಸೋಸುತ್ತ ಹೋಗುತ್ತದೆ. ಭೂಸೇನೆ, ನೌಕಾಸೇನೆ, ವಾಯುಸೇನೆಯ ವಿಭಾಗಗಳಿಗೆ ಬೇರೆ ಬೇರೆ ಪಾಲು, ಹುಡುಗರಿಗೆ ಹುಡುಗಿಯರಿಗೆ ಬೇರೆ ಪಾಲು. ಪೆರೇಡಿನ ತುಕಡಿಯಲ್ಲಿ ನಿಲ್ಲಬೇಕಾದವರಿಗೆ ಎತ್ತರ ಹೊಂದಬೇಕು, ಸಾಂಸ್ಕೃತಿಕ ತಂಡಕ್ಕೆ ಹಾಡುವವರು, ವಾದ್ಯ ನುಡಿಸುವವರು ಬೇಕು. ಇವೆಲ್ಲವೂ ನ್ಯಾಯವಾದ ಅಗತ್ಯಗಳೇ. ಆದರೆ ಇವು ತಂಡದ ಅಗತ್ಯಗಳು. ಈ ಜಾಗಕ್ಕೆ ಯಾರನ್ನು ಕೂರಿಸಬೇಕು ಎಂಬ ಪ್ರಶ್ನೆಗೂ ಈ ಹುಡುಗಿ ಸಮರ್ಥಳೇ ಎಂಬ ಪ್ರಶ್ನೆಗೂ ಉತ್ತರಗಳು ಒಮ್ಮೊಮ್ಮೆ ಕೂಡಬಹುದು, ಪ್ರಶ್ನೆಗಳು ಮಾತ್ರ ಎರಡು. ಎರಡು ಇಂಚು ಕುಳ್ಳಗಿದ್ದದ್ದಕ್ಕೆ ತುಕಡಿಯಿಂದ ಹೊರಗುಳಿದವಳನ್ನು ನಿನ್ನಲ್ಲಿ ಏನೋ ಕೊರತೆಯಿದೆ ಎಂದು ನೋಡುವುದು ಲೆಕ್ಕದ ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ.

ಇದು ನಾನು ಹೊರಗಿನಿಂದ ತಂದು ಹೇರುತ್ತಿರುವ ವ್ಯತ್ಯಾಸವಲ್ಲ. ಭಾರತೀಯ ಸೇನೆ ತನ್ನ ಅಧಿಕಾರಿಗಳನ್ನು ಆರಿಸುವಾಗ ಇದನ್ನು ಬಹಳ ಎಚ್ಚರದಿಂದ ಪಾಲಿಸುತ್ತದೆ. ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ, ಎಲ್ಲರೂ ಎಸ್‌ಎಸ್‌ಬಿ ಎನ್ನುವ ಆ ಐದು ದಿನಗಳ ಪರೀಕ್ಷೆಯಲ್ಲಿ, ಅಭ್ಯರ್ಥಿಗಳನ್ನು ಒಬ್ಬರ ಎದುರು ಒಬ್ಬರನ್ನು ನಿಲ್ಲಿಸಿ ತೂಗುವುದಿಲ್ಲ. ಒಂದು ಮಟ್ಟದ ಎದುರು ಪ್ರತಿಯೊಬ್ಬರನ್ನೂ ತೂಗುತ್ತಾರೆ. ಅದಕ್ಕೇ ಇಡೀ ತಂಡದಲ್ಲಿ ಒಬ್ಬರೂ ಶಿಫಾರಸಾಗದೆ ಮರಳುವುದುಂಟು, ಒಂದೇ ತಂಡದಿಂದ ನಾಲ್ಕಾರು ಮಂದಿ ಶಿಫಾರಸಾಗುವುದೂ ಉಂಟು. ಶಿಫಾರಸು ಒಂದು ಹಂತ, ವೈದ್ಯಕೀಯ ಪರೀಕ್ಷೆ ಇನ್ನೊಂದು, ಮೆರಿಟ್ ಲಿಸ್ಟ್ ಮೂರನೆಯದು. ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ (ಎನ್‌ಡಿಎ) ಪ್ರವೇಶದಲ್ಲಿ ಲಿಖಿತ ಪರೀಕ್ಷೆಯ 900 ಅಂಕ, ಎಸ್‌ಎಸ್‌ಬಿಯ 900 ಅಂಕ ಕೂಡಿಸಿ ಶ್ರೇಣಿ ಮಾಡಿ, ಎಷ್ಟು ಜಾಗಗಳಿವೆಯೋ ಅಲ್ಲಿಗೆ ಗೆರೆ ಎಳೆಯುತ್ತಾರೆ. ಶಿಫಾರಸಾಗಿ, ವೈದ್ಯಕೀಯವಾಗಿಯೂ ತೇರ್ಗಡೆಯಾಗಿ ಗೆರೆಯ ಕೆಳಗೆ ಉಳಿದವರನ್ನು ಅಭ್ಯರ್ಥಿಗಳೇ ‘ಮೆರಿಟ್ ಔಟ್’ ಎನ್ನುತ್ತಾರೆ. ಅವರು ಅಧಿಕಾರಿಯಾಗಲು ಯೋಗ್ಯರೆಂದು ಬೋರ್ಡು ಬರೆದುಕೊಟ್ಟಿರುತ್ತದೆ, ಆ ಸಲ ಜಾಗ ಮಾತ್ರ ಸಿಗಲಿಲ್ಲ. ಎರಡು ಪ್ರಶ್ನೆಗಳಿಗೆ ಎರಡು ಹಂತಗಳನ್ನಿಟ್ಟು, ಒಂದರ ಉತ್ತರ ಇನ್ನೊಂದನ್ನು ಕೆಡಿಸದಂತೆ ನೋಡಿಕೊಂಡ ವ್ಯವಸ್ಥೆ ಇದು. ಶಿಬಿರದ ಆಯ್ಕೆಯಲ್ಲಿ ಈ ಎರಡೂ ಕೆಲಸವನ್ನು ನೋಟಿಸ್ ಬೋರ್ಡಿನ ಮೇಲಿನ ಒಂದೇ ಹಾಳೆ ಮಾಡುತ್ತದೆ. ಅದರಲ್ಲಿ ಹೆಸರಿಲ್ಲದವರಿಗೆ ತಾವು ಮಟ್ಟ ಮುಟ್ಟಲಿಲ್ಲವೋ ಜಾಗ ಸಾಲಲಿಲ್ಲವೋ ತಿಳಿಯುವುದೇ ಇಲ್ಲ. ತಿಳಿಯದಿದ್ದಾಗ ಮನಸ್ಸು ಕೆಟ್ಟದ್ದನ್ನೇ ಊಹಿಸುತ್ತದೆ.

ಇನ್ನು ಅಳತೆಯ ಪ್ರಶ್ನೆ. ಥಲ್ ಸೈನಿಕ್ ಕ್ಯಾಂಪಿನ ಸ್ಪರ್ಧೆಗಳಲ್ಲಿ ಫೈರಿಂಗ್, ಮ್ಯಾಪ್ ರೀಡಿಂಗ್, ಅಡೆತಡೆಗಳ ಓಟ, ದೂರ ಅಂದಾಜಿಸುವುದು ಮುಖ್ಯವಾದವು. ಇವುಗಳ ಪಾಠವನ್ನೇ ಸರಿಯಾಗಿ ಓದಿದರೆ ಆಯ್ಕೆ ಪಟ್ಟಿಯನ್ನು ಹೇಗೆ ಓದಬೇಕೆಂಬುದೂ ಗೊತ್ತಾಗುತ್ತದೆ. ಪಾಯಿಂಟ್ ಟೂಟೂ ರೈಫಲ್ಲಿನ ಅಭ್ಯಾಸದಲ್ಲಿ ಹೊಸಬರಿಗೆ ಮೊದಲು ಕಲಿಸುವುದು ಗ್ರೂಪಿಂಗ್. ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡು ಹಾರಿಸಬೇಕು. ಆಮೇಲೆ ಅಳೆಯುವುದು ಐದೂ ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂಬುದನ್ನು, ನಡುವಿನ ಕಪ್ಪು ವೃತ್ತಕ್ಕೆ ಎಷ್ಟು ಬಿದ್ದವು ಎಂಬುದನ್ನಲ್ಲ. ಐದೂ ಎಡಗಡೆ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಿದ್ದರೆ ಅವಳು ಒಳ್ಳೆಯ ಗುರಿಕಾರ್ತಿ. ಉಸಿರು ಹಿಡಿದದ್ದು, ಟ್ರಿಗರ್ ಒತ್ತಿದ್ದು, ಭುಜಕ್ಕೆ ಬಟ್ಟನ್ನು ಒತ್ತಿಹಿಡಿದದ್ದು ಐದು ಸಲವೂ ಒಂದೇ ರೀತಿ ಇತ್ತು. ರೈಫಲ್ಲಿನ ಸೈಟ್ ಸರಿಪಡಿಸಿದರೆ ಆ ಗುಂಪು ತಾನಾಗಿ ನಡುವಿಗೆ ಬರುತ್ತದೆ. ಒಂದು ನಟ್ಟನಡುವೆ ಬಿದ್ದು ಉಳಿದ ನಾಲ್ಕು ದಿಕ್ಕಿಗೊಂದು ಹೋಗಿದ್ದರೆ ಆ ನಡುವಿನದ್ದು ಆಕಸ್ಮಿಕ. ಒಂದೇ ಗುಂಡಿನಿಂದ ಗುರಿಕಾರನ ಬಗ್ಗೆ ಏನನ್ನೂ ಹೇಳಲಾಗದು, ಅದಕ್ಕೇ ಐದು. ಈ ತಿಳಿವಳಿಕೆಯನ್ನು ರೇಂಜಿನಲ್ಲಿ ದಿನಾ ಪಾಲಿಸುವ ನಾವು, ಒಂದು ಬೆಳಗ್ಗೆ ನಡೆದ ಒಂದು ಆಯ್ಕೆಯನ್ನು ಒಬ್ಬ ಹುಡುಗನ ಪೂರ್ತಿ ಅಳತೆ ಎಂದು ಒಪ್ಪಿಕೊಳ್ಳುತ್ತೇವೆ.

ದೂರ ಅಂದಾಜಿಸುವ ಪಾಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಿಸಿಲು ನೋಡುವವನ ಬೆನ್ನ ಹಿಂದಿದ್ದರೆ, ವಸ್ತು ಸುತ್ತಲಿನವುಗಳಿಗಿಂತ ದೊಡ್ಡದಾಗಿದ್ದರೆ, ಅದು ನಮಗಿಂತ ಎತ್ತರದಲ್ಲಿದ್ದರೆ ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೆ, ಬೆಳಕು ಮಂಕಾಗಿದ್ದರೆ, ನೆಲಕ್ಕೆ ಮಲಗಿ ನೋಡಿದರೆ ದೂರ ಕಾಣುತ್ತದೆ. ಅಂದರೆ ತರಬೇತಾದ ಕಣ್ಣೂ ಸಂದರ್ಭಕ್ಕೆ ತಕ್ಕಂತೆ ಮೋಸಹೋಗುತ್ತದೆ, ಯಾವ ಕಡೆಗೆ ಮೋಸಹೋಗುತ್ತದೆ ಎಂಬುದನ್ನೂ ಮೊದಲೇ ಹೇಳಬಹುದು. ಇದಕ್ಕೆ ಪಾಠದಲ್ಲೇ ಇರುವ ಪರಿಹಾರಗಳಲ್ಲಿ ಒಂದು ಸೆಕ್ಷನ್ ಸರಾಸರಿ: ಸೆಕ್ಷನ್ನಿನ ಪ್ರತಿಯೊಬ್ಬರೂ ತಮ್ಮ ಅಂದಾಜು ಹೇಳಬೇಕು, ಎಲ್ಲವನ್ನೂ ಕೂಡಿಸಿ ಭಾಗಿಸಬೇಕು. ಅತ್ಯಂತ ಚುರುಕಾದ ಒಬ್ಬನ ಕಣ್ಣಿಗಿಂತ ಹಲವರ ಸಾಧಾರಣ ಕಣ್ಣುಗಳ ಸರಾಸರಿಯನ್ನು ನಂಬಬಹುದು ಎಂಬ ಅನುಭವ ಇದರ ಹಿಂದಿದೆ. ಹೀಗಿರುವಾಗ ಒಬ್ಬ ಅಧಿಕಾರಿ ಒಂದು ದಿನ, ಒಂದು ಬೆಳಕಿನಲ್ಲಿ, ಸಾಲಿನಲ್ಲಿ ನಿಂತ ನೂರು ಮಂದಿಯ ಮೇಲೆ ಕಣ್ಣಾಡಿಸಿ ಮಾಡಿದ ಅಂದಾಜಿನಲ್ಲಿ ತಪ್ಪಿನ ಅಂಶ ಇಲ್ಲವೆನ್ನಲು ಬರುವುದಿಲ್ಲ. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಹಲವು ಸುತ್ತಿನ ಸೋಸುವಿಕೆಯ ನಂತರ ಕೊನೆಗೆ ಉಳಿಯುವವರು ಹೆಚ್ಚುಕಡಿಮೆ ಸಮಾನರಾಗಿರುತ್ತಾರೆ. ಸಮಾನರ ನಡುವೆ ಅರ್ಧ ಅಂಕದ ವ್ಯತ್ಯಾಸವನ್ನು ನಿರ್ಧರಿಸುವುದು ಬಹಳ ಸಲ ಅಂದಿನ ನಿದ್ದೆ, ಅಂದಿನ ಬೂಟು, ಅಂದಿನ ಗಾಳಿ.

ಇದಕ್ಕೂ ಮೊದಲೇ ಇನ್ನೊಂದು ಸೋಸುವಿಕೆ ನಡೆದುಹೋಗಿರುತ್ತದೆ, ಅದಕ್ಕೆ ಯಾರೂ ಅಂಕ ಬರೆದಿಟ್ಟಿರುವುದಿಲ್ಲ. ದೆಹಲಿಗೆ ಹೋಗುವ ತಂಡ ತಯಾರಾಗುವುದು ಒಂದರ ಹಿಂದೊಂದು ಬರುವ ಶಿಬಿರಗಳಲ್ಲಿ, ಒಂದೊಂದೂ ಹತ್ತು ದಿನಗಳ ಆಸುಪಾಸಿನದು. ಅಷ್ಟು ದಿನ ಮನೆ ಬಿಟ್ಟಿರಲು ಯಾರಿಗೆ ಸಾಧ್ಯ? ಬೇಸಿಗೆಯಲ್ಲಿ ಕೂಲಿಗೆ ಹೋಗಿ ಮುಂದಿನ ವರ್ಷದ ಫೀಸು ಹೊಂದಿಸಬೇಕಾದ ಹುಡುಗನಿಗೆ ಕಷ್ಟ. ಮುಂಗಾರಿನ ಬಿತ್ತನೆಗೆ ಮನೆಯಲ್ಲಿ ಕೈ ಸಾಲದವನಿಗೆ ಕಷ್ಟ. ಸೆಮಿಸ್ಟರ್ ಪರೀಕ್ಷೆಯ ದಿನಾಂಕ ಶಿಬಿರದ ದಿನಾಂಕದ ಮೇಲೆ ಬಿದ್ದವರಿಗೆ, ವಿಶ್ವವಿದ್ಯಾಲಯ ಬೇರೆ ದಿನ ಪರೀಕ್ಷೆ ನಡೆಸದಿದ್ದರೆ, ಒಂದು ವರ್ಷವೇ ಪಣಕ್ಕೆ ಬೀಳುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಅಪ್ಪನ ಸಹಿ ಬೇಕಾಗುತ್ತದೆ, ಅಷ್ಟೇ ಮುಖ್ಯವಾಗಿ ಅಜ್ಜಿಯ, ದೊಡ್ಡಪ್ಪನ ಒಪ್ಪಿಗೆಯೂ ಬೇಕಾಗುತ್ತದೆ. ಫೈರಿಂಗ್ ರೇಂಜ್ ಎಲ್ಲ ಊರಿನಲ್ಲೂ ಇಲ್ಲ. ವರ್ಷದಲ್ಲಿ ಒಮ್ಮೆಯೋ ಎರಡು ಸಲವೋ ರೈಫಲ್ ಮುಟ್ಟಿದವರು, ರೇಂಜಿನ ಪಕ್ಕದಲ್ಲೇ ಇರುವ ಕಾಲೇಜಿನವರೊಂದಿಗೆ ಸ್ಪರ್ಧಿಸುತ್ತಾರೆ. ಆಯ್ಕೆಗೆ ಬಂದು ನಿಂತವರಲ್ಲಿ ಉತ್ತಮರನ್ನು ಆರಿಸಿದರು ಎನ್ನುವುದು ಬಹುಮಟ್ಟಿಗೆ ನಿಜವಿರಬಹುದು. ಉತ್ತಮರನ್ನೆಲ್ಲ ಆರಿಸಿದರು ಎನ್ನುವುದು ಅದರಿಂದ ಹೊರಡುವ ತೀರ್ಮಾನವಲ್ಲ.

ಮೂರನೆಯ ಮಾತು, ಅಂದರೆ ಆಯ್ಕೆಗಾರರಿಗೆ ಬೇಕಾದದ್ದನ್ನು ತೋರಿಸುವುದೇ ತಯಾರಿ ಎಂಬುದು, ನನಗೆ ಎಲ್ಲಕ್ಕಿಂತ ಹೆಚ್ಚು ಹಾನಿಕರವಾಗಿ ಕಾಣುತ್ತದೆ. ಯಾಕೆ ಸೇರಬೇಕೆಂದಿದ್ದೀಯ ಎಂಬ ಪ್ರಶ್ನೆಗೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರೂ ದೇಶಸೇವೆಗಾಗಿ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಎಷ್ಟೋ ಮಂದಿಗೆ ಅದು ನಿಜವಾದ ಭಾವನೆ. ಆದರೆ ಎಲ್ಲರೂ ಕೊಡುವ ಉತ್ತರದಿಂದ ಯಾರನ್ನೂ ಬೇರ್ಪಡಿಸಲಾಗದು. ಕೇಳುವವರಿಗೆ ಅದರಲ್ಲಿ ತಿಳಿಯುವುದು ಏನೂ ಉಳಿದಿರುವುದಿಲ್ಲ. ಎನ್‌ಸಿಸಿ ಧ್ವಜದಲ್ಲಿ ಎಷ್ಟು ಕಮಲಗಳು, ಅವು ಯಾವುದರ ಗುರುತು, ಎನ್‌ಸಿಸಿ ಕಾಯ್ದೆ ಬಂದ ವರ್ಷ ಯಾವುದು ಎಂದು ಉರುಹೊಡೆಯುವುದೂ ಹಾಗೆಯೇ. 17 ಕಮಲ, 17 ಡೈರೆಕ್ಟರೇಟ್, 1948 ಎಂಬುದು ಒಂದು ಮಧ್ಯಾಹ್ನದ ಕೆಲಸ. ಎನ್‌ಸಿಸಿಯ ಸ್ಥಾಪನೆಗೆ ಶಿಫಾರಸು ಮಾಡಿದ ಕುಂಜ್ರು ಸಮಿತಿಯ ಹೆಸರನ್ನು ಗಿಳಿಪಾಠ ಒಪ್ಪಿಸುವವರಲ್ಲಿ ಆ ಸಮಿತಿ ಯಾಕೆ ನೇಮಕವಾಯಿತು, 1963ರಲ್ಲಿ, ಚೀನಾ ಯುದ್ಧದ ಮಾರನೆಯ ವರ್ಷ, ಎನ್‌ಸಿಸಿಯನ್ನು ಯಾಕೆ ಕಡ್ಡಾಯ ಮಾಡಿದರು, 1968ರಲ್ಲಿ ಯಾಕೆ ಮತ್ತೆ ಐಚ್ಛಿಕಗೊಳಿಸಿದರು ಎಂದು ಯೋಚಿಸಿದವರು ಎಷ್ಟು ಮಂದಿ ಸಿಗುತ್ತಾರೆ? ಆ ಇತಿಹಾಸವನ್ನು ನಿಜವಾಗಿ ಓದಿದವರಿಗೆ ಒಂದು ವಿಷಯ ಕಾಣಿಸದೆ ಇರದು: ಈ ಸಂಸ್ಥೆಯನ್ನು ಕಟ್ಟಿದ್ದು ಬಹಳ ಮಂದಿಯನ್ನು ತರಬೇತುಗೊಳಿಸಲಿಕ್ಕೆ, ಕೆಲವರನ್ನು ಹೆಕ್ಕಲಿಕ್ಕಲ್ಲ. ಶೀಲ, ಶಿಸ್ತು, ಸಹಬಾಳ್ವೆ, ನಾಯಕತ್ವ ಬೆಳೆಸುವುದು, ಬದುಕಿನ ಎಲ್ಲ ರಂಗಗಳಿಗೂ ತರಬೇತಾದ ಯುವಜನರನ್ನು ಕೊಡುವುದು ಎಂದೇ ಅದರ ಧ್ಯೇಯಗಳನ್ನು ಬರೆದಿಟ್ಟಿದ್ದಾರೆ. ದೆಹಲಿಯ ಶಿಬಿರಗಳು ಆ ದೊಡ್ಡ ಕೆಲಸದ ಒಂದು ತುದಿ ಮಾತ್ರ.

ತೋರಿಕೆಯ ತಯಾರಿ ಆಯ್ಕೆಯ ದೃಷ್ಟಿಯಿಂದಲೂ ಹೆಚ್ಚು ದೂರ ಬಾರದು. ಎಸ್‌ಎಸ್‌ಬಿಯ ಮನೋವೈಜ್ಞಾನಿಕ ಪರೀಕ್ಷೆಯಲ್ಲಿ 60 ಪದಗಳು ಬರುತ್ತವೆ, ಒಂದೊಂದಕ್ಕೆ 15 ಸೆಕೆಂಡು, ಅಷ್ಟರಲ್ಲಿ ಹೊಳೆದದ್ದನ್ನು ಬರೆಯಬೇಕು. 60 ಸನ್ನಿವೇಶಗಳಿಗೆ 30 ನಿಮಿಷ. ಸಮಯವನ್ನು ಇಷ್ಟು ಬಿಗಿಮಾಡಿರುವುದೇ ಸಿದ್ಧ ಉತ್ತರಗಳು ಕೈಗೆ ಸಿಗದಿರಲಿ ಎಂದು. ಮೇಲಾಗಿ ಮನಶ್ಶಾಸ್ತ್ರಜ್ಞರು, ಗುಂಪು ಚಟುವಟಿಕೆಗಳನ್ನು ನೋಡುವ ಅಧಿಕಾರಿ, ಸಂದರ್ಶನ ಮಾಡುವ ಅಧಿಕಾರಿ, ಈ ಮೂವರೂ ಬೇರೆ ಬೇರೆಯಾಗಿ ನೋಡಿ ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡು 1943ರಲ್ಲಿ ಭಾರತಕ್ಕೆ ಬಂದ ಈ ಪದ್ಧತಿಯ ಜೀವಾಳ ಈ ಮೂರು ಕಣ್ಣುಗಳು. ಕಾಗದದ ಮೇಲೆ ಧೈರ್ಯವಂತನಾಗಿ, ಸಂದರ್ಶನದಲ್ಲಿ ವಿನಯವಂತನಾಗಿ, ಹಗ್ಗ ಹಲಗೆ ಕೊಟ್ಟು ಇದನ್ನು ದಾಟಿ ಎಂದಾಗ ಎಲ್ಲರನ್ನೂ ತಳ್ಳಿ ಮುಂದೆ ನುಗ್ಗುವವನಾಗಿ ಕಂಡರೆ ಆ ಮೂರು ಚಿತ್ರಗಳು ಕೂಡುವುದಿಲ್ಲ. ಶಿಬಿರದ ಆಯ್ಕೆ ಇಷ್ಟು ಸೂಕ್ಷ್ಮವಾಗಿರದಿರಬಹುದು. ಆದರೆ ಹತ್ತು ದಿನ ಒಂದೇ ಡೇರೆಯಲ್ಲಿ ಮಲಗಿ, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ನಟನೆ ಎರಡನೆಯ ದಿನಕ್ಕೇ ಬಸವಳಿಯುತ್ತದೆ.

ಹಾಗಾದರೆ ಯಾವುದು ತಯಾರಿ? ಒಂದು ಒರೆಗಲ್ಲು ಸಾಕು: ನಾಳೆ ಶಿಬಿರವೇ ರದ್ದಾದರೆ ನಾನು ಇವತ್ತು ಕಲಿತದ್ದಕ್ಕೆ ಬೆಲೆ ಉಳಿಯುತ್ತದೆಯೇ? ನಕ್ಷೆ ಓದುವುದನ್ನೇ ತೆಗೆದುಕೊಳ್ಳಿ. ನಿಜ ಉತ್ತರ, ಗ್ರಿಡ್ ಉತ್ತರ, ಅಯಸ್ಕಾಂತದ ಉತ್ತರ ಈ ಮೂರು ಉತ್ತರ ದಿಕ್ಕುಗಳೂ ಬೇರೆ ಬೇರೆ ಎಂದು ವ್ಯಾಖ್ಯೆ ಒಪ್ಪಿಸುವುದು ಒಂದು ಬಗೆ. ಒಂದು ಗುಡ್ಡದ ಮೇಲೆ ನಿಂತು, ಕಾಣುವ ಎರಡು ಗುರುತುಗಳಿಗೆ ದಿಕ್ಸೂಚಿ ಹಿಡಿದು ಕೋನ ಓದಿ, ಅದನ್ನು ಗ್ರಿಡ್ ಕೋನಕ್ಕೆ ತಿರುಗಿಸಿ, ನಕ್ಷೆಯ ಮೇಲೆ ಹಿಂದಕ್ಕೆ ಗೆರೆ ಎಳೆದು, ಎರಡು ಗೆರೆ ಕೂಡಿದ ಕಡೆ ನಾನಿದ್ದೇನೆ ಎಂದು ಆರಂಕಿಯ ಗ್ರಿಡ್ ರೆಫರೆನ್ಸಿನಲ್ಲಿ ಹೇಳುವುದು ಇನ್ನೊಂದು ಬಗೆ. ಮೊದಲನೆಯದು ಪಟ್ಟಿ ಹೊರಬಿದ್ದ ದಿನವೇ ಮರೆತುಹೋಗುತ್ತದೆ. ಎರಡನೆಯದು ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ, ಅರಣ್ಯ ಇಲಾಖೆಗೆ ಸೇರುವವರಿಗೆ, ಪಶ್ಚಿಮ ಘಟ್ಟದಲ್ಲಿ ಚಾರಣಕ್ಕೆ ಹೋಗುವ ಯಾರಿಗಾದರೂ ಬದುಕಿಡೀ ಒದಗುತ್ತದೆ. ಅಚ್ಚರಿಯೆಂದರೆ ಸ್ಪರ್ಧೆಯಲ್ಲಿ ಅಂಕ ತರುವುದೂ ಈ ಎರಡನೆಯದೇ, ಏಕೆಂದರೆ ಕೊಟ್ಟ ನಕ್ಷೆ ಹೊಸದಾಗಿದ್ದಾಗ ವ್ಯಾಖ್ಯೆ ಕೈಹಿಡಿಯುವುದಿಲ್ಲ.

ಶಿಬಿರ ರದ್ದಾದರೆ ಎನ್ನುವುದು ಬರೀ ಕಲ್ಪನೆಯೂ ಅಲ್ಲ. 2020ರಲ್ಲಿ ಕೋವಿಡ್ ಬಂದಾಗ ಶಿಬಿರಗಳು ನಿಂತವು, ತರಬೇತಿ ಮೊಬೈಲ್ ಪರದೆಗೆ ಬಂತು. ಅದೇ ವರ್ಷ ‘ಎನ್‌ಸಿಸಿ ಯೋಗದಾನ’ ಎಂಬ ಹೆಸರಿನಲ್ಲಿ ಹದಿನೆಂಟು ದಾಟಿದ ಸೀನಿಯರ್ ಕೆಡೆಟ್‌ಗಳು ಸ್ವಇಚ್ಛೆಯಿಂದ ಸಹಾಯವಾಣಿಗಳಲ್ಲಿ, ಆಹಾರ ಮತ್ತು ಔಷಧ ಹಂಚಿಕೆಯಲ್ಲಿ, ಸಾಲು ನಿಲ್ಲಿಸುವ ಕೆಲಸದಲ್ಲಿ ಜಿಲ್ಲಾಡಳಿತಗಳಿಗೆ ನೆರವಾದರು. ದೆಹಲಿಗೆ ಹೋಗಿ ಬಂದವರು ಮಾತ್ರ ಬನ್ನಿ ಎಂದು ಯಾರೂ ಕರೆಯಲಿಲ್ಲ. ಹೇಳಿದ ಹೊತ್ತಿಗೆ ಬರುವವರು, ಜನರನ್ನು ಗದರಿಸದೆ ಸಾಲಿನಲ್ಲಿ ನಿಲ್ಲಿಸಬಲ್ಲವರು ಬೇಕಾಗಿದ್ದರು. ಆಯ್ಕೆಯಾಗದವರ ತಯಾರಿ ವ್ಯರ್ಥ ಎಂಬ ಎರಡನೆಯ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಬಲವಾದದ್ದು, ಸ್ಪರ್ಧೆಯ ಬಿಸಿ ಇಲ್ಲದಿದ್ದರೆ ಯಾರೂ ಮೈ ಬಗ್ಗಿಸುವುದಿಲ್ಲ ಎಂಬುದು. ದೆಹಲಿಯ ಆಸೆಯಿಲ್ಲದಿದ್ದರೆ ಬೆಳಗ್ಗೆ ಐದಕ್ಕೆ ಯಾರು ಎದ್ದಾರು? ಇದರಲ್ಲಿ ಹುರುಳಿದೆ. ಸ್ಪರ್ಧೆಯನ್ನು ತೆಗೆದುಹಾಕಿ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಸ್ಪರ್ಧೆ ಹುರುಪು ತುಂಬುವುದು ಯಾರಲ್ಲಿ? ತನಗೆ ಅವಕಾಶವಿದೆ ಎಂದುಕೊಂಡವರಲ್ಲಿ. ಮೊದಲ ಸುತ್ತಿನಲ್ಲೇ ಹೊರಬಿದ್ದ ಬಹುಪಾಲಿನವರಿಗೆ ಆಯ್ಕೆಯೇ ಗುರಿಯಾಗಿದ್ದರೆ ಮರುದಿನ ಮೈದಾನಕ್ಕೆ ಬರಲು ಕಾರಣವೇ ಉಳಿಯುವುದಿಲ್ಲ. ಹಾಗಾಗಿ ಈ ನಂಬಿಕೆ ಕೆಲವರಿಗೆ ಕೆಲವು ತಿಂಗಳು ಹುರುಪು ಕೊಟ್ಟು, ಬಹಳ ಮಂದಿಯ ಹುರುಪನ್ನು ಒಂದೇ ದಿನದಲ್ಲಿ ಹೀರುತ್ತದೆ. ಒಟ್ಟು ಲೆಕ್ಕದಲ್ಲಿ ನಷ್ಟವೇ ಹೆಚ್ಚು. ಆಯ್ಕೆಯಾದವರಿಗೂ ಇದು ಒಳಿತಲ್ಲ. ಜನವರಿ ಮುಗಿದು ಊರಿಗೆ ಮರಳಿದ ಮೇಲೆ ಗುರಿ ಮುಗಿದಿರುತ್ತದೆ, ಪೆರೇಡಿಗೆ ಬರುವುದು ಭಾರವಾಗುತ್ತದೆ.

ಎರಡನೆಯ ಆಕ್ಷೇಪ ವ್ಯವಹಾರದ್ದು: ಆಯ್ಕೆಯಿಂದ ಮುಂದೆ ಲಾಭವಿದೆ, ಅದರ ಬೆನ್ನು ಹತ್ತುವುದು ಬುದ್ಧಿವಂತಿಕೆಯಲ್ಲವೇ? ಸೇನೆಗೆ ಸೇರಬಯಸುವವರಿಗೆ ಎನ್‌ಸಿಸಿಯಿಂದ ಸಿಗುವ ಅತಿ ದೊಡ್ಡ ಲಾಭ ಸ್ಪೆಷಲ್ ಎಂಟ್ರಿ. ಪದವಿಯಲ್ಲಿ ಶೇ. 50 ಅಂಕ, ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್ ಇದ್ದರೆ ಯುಪಿಎಸ್‌ಸಿ ಲಿಖಿತ ಪರೀಕ್ಷೆಯಿಲ್ಲದೆ ಅರ್ಜಿ ಹಾಕಿ ನೇರವಾಗಿ ಎಸ್‌ಎಸ್‌ಬಿ ಎದುರಿಸಬಹುದು. ಅಲ್ಲಿ ದೆಹಲಿ ಶಿಬಿರದ ಷರತ್ತಿಲ್ಲ. ಬೇಕಾದದ್ದು ಸರ್ಟಿಫಿಕೇಟು, ಅದಕ್ಕೆ ಬೇಕಾದದ್ದು ವಾರವಾರದ ಪೆರೇಡಿನಲ್ಲಿ ಶೇ. 75 ಹಾಜರಾತಿ, ವಾರ್ಷಿಕ ಶಿಬಿರ, ಪರೀಕ್ಷೆ. ದೆಹಲಿ ತಪ್ಪಿತೆಂದು ಬೇಸರಪಟ್ಟು ಪೆರೇಡ್ ಬಿಟ್ಟವರು ಕಳೆದುಕೊಳ್ಳುವುದು ಇದನ್ನು. ಸ್ವಂತ ಲಾಭದ ಲೆಕ್ಕ ಹಾಕಿದರೂ ದಾರಿ ಬಂದು ಮುಟ್ಟುವುದು ಸಾಧಾರಣ ದಿನಗಳ ಸಾಧಾರಣ ತರಬೇತಿಗೇ.

ಆಯ್ಕೆಯಾಗದವರಿಗೆ ಜಾಗ ಸಾಲಲಿಲ್ಲ ಎಂದು ಹೇಳಿದರೆ ಅವರು ತಮ್ಮ ತಪ್ಪು ತಿದ್ದಿಕೊಳ್ಳದೆ ಅದೃಷ್ಟವನ್ನು ದೂರುತ್ತ ಕೂರುತ್ತಾರೆ ಎನ್ನುವವರೂ ಇದ್ದಾರೆ. ಈ ಭಯ ಪೂರ್ತಿ ಸುಳ್ಳಲ್ಲ, ನೆಪ ಹುಡುಕುವುದು ಎಲ್ಲ ವಯಸ್ಸಿನವರಿಗೂ ಸುಲಭ. ಆದರೆ ನೆಪ ಹುಟ್ಟುವುದು ಮಾಹಿತಿ ಇಲ್ಲದ ಕಡೆಯಲ್ಲಿ. ಕಾರಣ ಹೇಳದೆ ಹೆಸರು ಬಿಟ್ಟ ಪಟ್ಟಿ, ಒಬ್ಬನಿಗೆ ತಾನು ಕೆಲಸಕ್ಕೆ ಬಾರದವನು ಎಂಬ ಕೊರಗನ್ನೂ ಇನ್ನೊಬ್ಬನಿಗೆ ತನಗೆ ಮೋಸವಾಯಿತು ಎಂಬ ಸಿಟ್ಟನ್ನೂ ಕೊಡುತ್ತದೆ. ನಿನ್ನ ಡ್ರಿಲ್ ಮಟ್ಟಕ್ಕಿಂತ ಮೇಲಿದೆ, ಫೈರಿಂಗಿನಲ್ಲಿ ಗುಂಪು ಚದುರಿದೆ, ಎತ್ತರ ತುಕಡಿಗೆ ಹೊಂದಲಿಲ್ಲ ಎಂದು ಬಿಡಿಸಿ ಹೇಳಿದರೆ ತಿದ್ದಿಕೊಳ್ಳಬೇಕಾದದ್ದು ಯಾವುದು, ಬಿಟ್ಟುಬಿಡಬೇಕಾದದ್ದು ಯಾವುದು ಎಂದು ಅವರಿಗೇ ತಿಳಿಯುತ್ತದೆ.

ಆಯ್ಕೆ ಕಟುವಾಗಿರಲೇಬೇಕಾದ ಜಾಗಗಳೂ ಇವೆ, ಅದನ್ನು ನಾನು ಮುಕ್ತವಾಗಿ ಒಪ್ಪುತ್ತೇನೆ. 2025ರ ಮೇ 18ರಂದು ಎನ್‌ಸಿಸಿಯ ಕೆಡೆಟ್‌ಗಳ ತಂಡ ಎವರೆಸ್ಟ್ ಏರಿತು. ಅಂಥ ತಂಡವನ್ನು ಆರಿಸುವಾಗ ಹೋಗಲಿ ಇವನೂ ಬರಲಿ ಎಂಬ ಮಾತಿಗೆ ಎಡೆಯಿಲ್ಲ, ಒಬ್ಬನ ದೌರ್ಬಲ್ಯ ಉಳಿದವರ ಪ್ರಾಣಕ್ಕೆ ಬರುತ್ತದೆ. ಆದರೆ ಅಲ್ಲಿಯೂ ಮಟ್ಟವನ್ನು ನಿರ್ಧರಿಸುವುದು ಬೆಟ್ಟ. ಒಂದು ಎತ್ತರಕ್ಕೆ ಏರಿದ ಮೇಲೆ ದೇಹ ಹೊಂದಿಕೊಂಡಿತೇ ಇಲ್ಲವೇ ಎಂಬುದು ಪಕ್ಕದವನಿಗೆ ಹೋಲಿಸಿ ಹೇಳುವ ವಿಷಯವಲ್ಲ. ಹಿಂದಕ್ಕೆ ಕಳಿಸಿದ ಹುಡುಗಿಗೂ ಕಾರಣ ಸ್ಪಷ್ಟವಾಗಿ ಗೊತ್ತಿರುತ್ತದೆ. ಎಲ್ಲ ಆಯ್ಕೆಗಳಲ್ಲಿ ಅತ್ಯಂತ ಕಠಿಣವಾದದ್ದೇ ಮಟ್ಟ ಮತ್ತು ಹೋಲಿಕೆಯ ವ್ಯತ್ಯಾಸವನ್ನು ಅತ್ಯಂತ ಚೆನ್ನಾಗಿ ಕಾಪಾಡುತ್ತದೆ ಎಂಬುದನ್ನು ಗಮನಿಸಬೇಕು.

ಶಿಬಿರದ ಆಯ್ಕೆಯಲ್ಲೂ ಈ ವ್ಯತ್ಯಾಸವನ್ನು ಕಾಪಾಡಲು ಹೊಸ ಕಾಯ್ದೆ ಬೇಡ, ಹೆಚ್ಚಿನ ಹಣವೂ ಬೇಡ. ಘಟಕದ ಹೊಣೆ ಹೊತ್ತ ಎಎನ್‌ಒ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಮನಸ್ಸು ಮಾಡಿದರೆ ಮೂರು ಕೆಲಸಗಳನ್ನು ಈ ಬೇಸಿಗೆಯಲ್ಲೇ ಆರಂಭಿಸಬಹುದು. ಆಯ್ಕೆಗೆ ನಿಂತ ಪ್ರತಿಯೊಬ್ಬರಿಗೂ ವಿಭಾಗವಾರು ಅಂಕಗಳ ಚೀಟಿ ಕೊಡುವುದು ಮೊದಲನೆಯದು, ಅದರಲ್ಲಿ ಮಟ್ಟ ಮುಟ್ಟಿದವರು ಯಾರು, ಜಾಗ ಸಿಕ್ಕಿದವರು ಯಾರು ಎಂಬುದು ಬೇರೆ ಬೇರೆಯಾಗಿ ಕಾಣಬೇಕು. ಮಟ್ಟ ಮುಟ್ಟಿಯೂ ಜಾಗ ಸಿಗದವರನ್ನು ತಂಡ ದೆಹಲಿಗೆ ಹೊರಡುವ ದಿನದವರೆಗೂ ಅದೇ ಅಭ್ಯಾಸದಲ್ಲಿ ಉಳಿಸಿಕೊಳ್ಳುವುದು ಎರಡನೆಯದು. ಗಾಯ, ಜ್ವರ, ಪರೀಕ್ಷೆಯ ಕಾರಣಕ್ಕೆ ಕೊನೆಯ ಗಳಿಗೆಯಲ್ಲಿ ಜಾಗ ತೆರವಾಗುವುದು ಇದ್ದೇ ಇದೆ. ಮೂರನೆಯದು ಮೊದಲ ವರ್ಷದ ಕೆಡೆಟ್‌ಗಳಿಗೆ ಗ್ರೂಪಿಂಗನ್ನೂ ದಿಕ್ಸೂಚಿಯನ್ನೂ ಕಲಿಸುವ ಹೊಣೆಯನ್ನು ಜಾಗ ಸಿಗದ ಇವರ ಹೆಗಲಿಗೆ ಹಾಕುವುದು. ಶಿಬಿರಕ್ಕೆ ಹೋದವರು ತಿಂಗಳುಗಟ್ಟಲೆ ಮೈದಾನದಲ್ಲಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಘಟಕವನ್ನು ನಡೆಸುವವರು ಉಳಿದವರೇ.